ಬಣ್ಣಬಣ್ಣದ ಮಾಂಕ್ಸ್‌ಹುಡ್: ಬದಿಯಡ್ಕದ ಅಂಗಳದಲ್ಲಿ ಹೂಬಿಟ್ಟೀತೇ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಅಂಗಳದ ಬದಿಯಲ್ಲಿ ವರ್ಷದಿಂದ ವರ್ಷಕ್ಕೆ ಉಳಿಯುವಂಥ ಹೂಗಿಡಗಳದ್ದೇ ಒಂದು ಪಾತಿ ಮಾಡಿದ್ದೇನೆ. ಮಾಂಕ್ಸ್‌ಹುಡ್ ಹೂವಿನ ಬೀಜ ಆನ್‌ಲೈನಿನಲ್ಲಿ ತರಿಸಿದೆ. ಹಳದಿ, ಗುಲಾಬಿ, ನೀಲಿ-ಬಿಳಿ ಮಿಶ್ರ, ಇನ್ನೊಂದು ಕಡುಗೆಂಪು. ಹಳದಿಯದ್ದನ್ನು ಮೇ ತಿಂಗಳಲ್ಲಿ ಚಟ್ಟಿಗೆ ಹಾಕಿದೆ, ಎರಡು ತಿಂಗಳಾದರೂ ಒಂದೂ ಮೊಳೆತಿಲ್ಲ. ಉಳಿದ ಪೊಟ್ಟಣಗಳು ಹಾಗೇ ಇವೆ. ಈಗ ನೆರೆಮನೆಯವರು ‘ಅದು ವತ್ಸನಾಭಿಯ ಜಾತಿ, ಮುಟ್ಟಿದರೇ ಸಾವು, ಹೂವಿನ ಗಾಳಿ ಹಟ್ಟಿಗೆ ಬೀಸಿದರೆ ದನ ಉಳಿಯುವುದಿಲ್ಲ’ ಎಂದು ಹೆದರಿಸಿದ್ದಾರೆ. ಅತ್ತೆಯವರು ‘ಬಿಳಿಯದ್ದಕ್ಕೆ ವಿಷ ಇಲ್ಲ, ಮಕ್ಕಳ ಮದ್ದಿಗೆ ತೇಯುತ್ತಿದ್ದೆವು’ ಎನ್ನುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗು, ಹಟ್ಟಿಯಲ್ಲಿ ಎರಡು ದನ ಉಂಟು. ತಂಗಿ ಊಟಿಯಲ್ಲಿದ್ದಾಳೆ. ಬೀಜ ಅವಳಿಗೆ ಕಳಿಸಲೇ, ಅಥವಾ ಇಲ್ಲೇ ಬೆಳೆಸುವ ಉಪಾಯ ಏನಾದರೂ ಇದೆಯೇ?

ಉತ್ತರ: ನಿಮ್ಮ ಅಂಗಳದಲ್ಲಿ ಇದು ಆಗುವ ಕೆಲಸವಲ್ಲ. ತಂಗಿಯ ಮನೆಯಲ್ಲಿ ಪ್ರಯತ್ನಿಸಬಹುದು, ಆದರೆ ಈ ಪೊಟ್ಟಣಗಳಿಂದ ಬೇಡ. ಕಾರಣ ಹೇಳುವ ಮೊದಲು ವಿಷದ ಮಾತು ಮುಗಿಸೋಣ. ಮನೆಯಲ್ಲಿ ಮಗು ಇರುವಾಗ ಹೂವಿನ ಬಣ್ಣದ ಚರ್ಚೆ ಆಮೇಲಿನದ್ದು.

ನೆರೆಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಮಾಂಕ್ಸ್‌ಹುಡ್ ಎಂದರೆ ಅಕೊನೈಟಮ್, ನಮ್ಮ ವೈದ್ಯರ ವತ್ಸನಾಭಿಯದ್ದೇ ಕುಲ. ಗೆಡ್ಡೆ, ಎಲೆ, ಹೂ, ಬೀಜ ಎಲ್ಲದರಲ್ಲೂ ವಿಷ ಇದೆ, ಗೆಡ್ಡೆಯಲ್ಲಿ ಅತಿ ಹೆಚ್ಚು. ಅದರ ಅಕೊನೈಟಿನ್ ಎಂಬ ಅಂಶ ನರಗಳಲ್ಲೂ ಹೃದಯದ ಸ್ನಾಯುವಿನಲ್ಲೂ ಸೋಡಿಯಂ ಒಳಗೆ ಬರುವ ದಾರಿಗಳನ್ನು ಮುಚ್ಚಲು ಬಿಡುವುದಿಲ್ಲ. ಮೊದಲು ತುಟಿ, ನಾಲಿಗೆ ಜುಮುಗುಟ್ಟಿ ಮರಗಟ್ಟುತ್ತದೆ. ಆಮೇಲೆ ವಾಂತಿ, ಭೇದಿ, ಕೊನೆಗೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಎರಡು ಮಿಲಿಗ್ರಾಂನಷ್ಟು ಶುದ್ಧ ಅಕೊನೈಟಿನ್ ದೊಡ್ಡವರ ಜೀವಕ್ಕೂ ಅಪಾಯ. ಇದಕ್ಕೆ ನೇರವಾದ ಪ್ರತಿವಿಷ ಇಲ್ಲ. ಆಸ್ಪತ್ರೆಯಲ್ಲಿ ಹೃದಯದ ಬಡಿತ ನೋಡಿಕೊಳ್ಳುತ್ತಾ ವಿಷ ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ.

ಆದರೆ ಗಾಳಿಯಲ್ಲಿ ಹಾರಿ ಬಂದು ದನ ಕೊಲ್ಲುವ ವಿಷ ಇದಲ್ಲ. ಈ ಅಂಶಗಳು ಆವಿಯಾಗುವುದಿಲ್ಲ. ಹೂವಿನ ಹತ್ತಿರ ನಿಂತವರಿಗೂ, ಹಟ್ಟಿಯಲ್ಲಿ ಕಟ್ಟಿದ ದನಕ್ಕೂ ಏನೂ ಆಗದು. ದನ ಸಾಯುವುದು ತಿಂದರೆ. ಮುಟ್ಟಿದರೆ ಸಾವು ಎಂಬುದೂ ಉತ್ಪ್ರೇಕ್ಷೆಯೇ. ಎಲೆಗೆ ಕೈ ತಾಗಿದ ಮಾತ್ರಕ್ಕೆ ಅಪಾಯ ಇಲ್ಲ. ಗೆಡ್ಡೆ ಕತ್ತರಿಸುವಾಗ ರಸ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಗಲಿದರೆ ತೊಂದರೆ, ಬರಿಯ ಚರ್ಮದ ಮೂಲಕವೂ ಸ್ವಲ್ಪ ಒಳಗಿಳಿದು ಜುಮುಗುಟ್ಟಿಸೀತು. ಹಾಗಾಗಿ ಯುರೋಪಿನ ತೋಟಗಾರರು ಇದನ್ನು ಅಂಗಳದಲ್ಲಿ ನೆಟ್ಟೂ ನೆಮ್ಮದಿಯಾಗಿ ಇದ್ದಾರೆ. ರಬ್ಬರ್ ಕೈಗವಸು ಹಾಕುತ್ತಾರೆ, ಕೆಲಸವಾದ ಮೇಲೆ ಕತ್ತಿ ತೊಳೆಯುತ್ತಾರೆ, ತರಕಾರಿ ಪಾತಿಯ ಹತ್ತಿರ ನೆಡುವುದಿಲ್ಲ. ಅಲ್ಲಿ ಅನಾಹುತ ಆದದ್ದು ಹೆಚ್ಚಾಗಿ ಗೆಡ್ಡೆಯನ್ನು ತಿನ್ನುವ ಬೇರೆಂದು ತಪ್ಪು ತಿಳಿದಾಗ.

ನನಗೆ ನೆರೆಮನೆಯವರ ಹೆದರಿಕೆಗಿಂತ ನಿಮ್ಮ ಅತ್ತೆಯವರ ಧೈರ್ಯದ್ದೇ ಚಿಂತೆ. ಅವರು ಹೇಳುತ್ತಿರುವುದು ಬಹುಶಃ ಅತಿವಿಷ, ಅಂದರೆ ಅತಿಬಜೆ. ಮಲಯಾಳದ ಅಂಗಡಿಗಳಲ್ಲಿ ಅತಿವಿಡಯಂ ಎಂದು ಸಿಗುತ್ತದೆ. ಒಣಗಿದ ಬೆಳ್ಳಗಿನ ಪುಟ್ಟ ಗೆಡ್ಡೆ, ಬಾಯಿಗೆ ಕಹಿ. ಅದೂ ಅಕೊನೈಟಮ್ ಕುಲದ್ದೇ, ಹಿಮಾಲಯದ ಗಿಡ. ಆದರೆ ಅದರಲ್ಲಿರುವ ಮುಖ್ಯ ಅಂಶ ಬೇರೆ, ಅಕೊನೈಟಿನ್‌ನಂಥ ಮಾರಕ ವಿಷ ಅದರಲ್ಲಿಲ್ಲ. ಅದಕ್ಕೇ ಮಕ್ಕಳ ಮದ್ದಿನಲ್ಲಿ ಬಳಕೆಗೆ ಬಂತು. ಇಲ್ಲಿ ಬಿಳಿ ಎಂದದ್ದು ಆ ಗೆಡ್ಡೆಯ ಬಣ್ಣವನ್ನು. ನೀವು ಕೊಂಡ ಪೊಟ್ಟಣದಲ್ಲಿ ಬಿಳಿ ಇರುವುದು ಹೂವಿನ ಬಣ್ಣ. ಎರಡಕ್ಕೂ ಸಂಬಂಧವೇ ಇಲ್ಲ. ಬಿಳಿ, ಹಳದಿ, ಗುಲಾಬಿ, ಯಾವ ಬಣ್ಣದ ಮಾಂಕ್ಸ್‌ಹುಡ್ ಆದರೂ ವಿಷವೇ. ಹಳದಿ ಗುಂಪಿನಲ್ಲಿ ವಿಷದ ಅಂಶಗಳು ಕೊಂಚ ಬೇರೆ ಬಗೆಯವು, ಅಷ್ಟೇ. ‘ಶುದ್ಧಿ ಮಾಡಿದರೆ ಆಯಿತಲ್ಲ’ ಎಂಬ ಮಾತು ಬಂದರೂ ಒಪ್ಪಬೇಡಿ. ಹಾಲು ಅಥವಾ ಗೋಮೂತ್ರದಲ್ಲಿ ಬಹಳ ಹೊತ್ತು ಬೇಯಿಸಿದಾಗ ಅಕೊನೈಟಿನ್ ಒಡೆದು ಕಡಿಮೆ ವಿಷದ ರೂಪಕ್ಕೆ ಬರುವುದು ನಿಜ. ಎಷ್ಟು ಒಡೆಯಿತು ಎಂಬುದನ್ನು ಮನೆಯ ಒಲೆಯ ಮುಂದೆ ನಿಂತು ತಿಳಿಯಲಾಗದು. ಔಷಧ ನಿಯಮಗಳ ಇ-1 ಅನುಸೂಚಿಯ ವಿಷದ್ರವ್ಯಗಳ ಪಟ್ಟಿಯಲ್ಲಿ ವತ್ಸನಾಭಿಯೂ ಇದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆ ಅಂಥ ಔಷಧದ ಮೇಲೆ ಇರಲೇಬೇಕು.

ಇನ್ನು ಬಣ್ಣದ ವಿಷಯ. ಮಾಂಕ್ಸ್‌ಹುಡ್ ಹೂವಿನಲ್ಲಿ ನಮಗೆ ಕಾಣುವ ಬಣ್ಣ ಎಸಳಿನದ್ದಲ್ಲ, ಅದರ ಹೊರಸುತ್ತಿನ ಪುಷ್ಪಪತ್ರಗಳದ್ದು. ಐದು ಪುಷ್ಪಪತ್ರಗಳಲ್ಲಿ ಮೇಲಿನದ್ದು ಬಾಗಿ ಮುಸುಕಿನಂತೆ ನಿಲ್ಲುತ್ತದೆ. ನಿಜವಾದ ಎಸಳುಗಳು ಆ ಮುಸುಕಿನೊಳಗೆ ಮಕರಂದದ ಎರಡು ಕೊಂಬುಗಳಾಗಿ ಅಡಗಿವೆ. ನೀಲಿ ಮತ್ತು ನೇರಳೆ ಬರುವುದು ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯದಿಂದ. ಕೆಂಪು ದಾಸವಾಳದಂಥ ಕೆಂಪು ಈ ಕುಲದಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ನಿಮ್ಮ ‘ಕಡುಗೆಂಪು’ ಪೊಟ್ಟಣ ಬರೇ ಮೋಸ. ಚಿತ್ರವನ್ನು ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿ ಹಾಕಿರುತ್ತಾರೆ. ಕಪ್ಪು, ಕಾಮನಬಿಲ್ಲು ಎಂದು ಬರುವವೂ ಇದೇ ಜಾತಿಯ ವ್ಯಾಪಾರ.

ನಿಜವಾಗಿ ಇರುವ ಅಪರೂಪದ ಬಣ್ಣಗಳು ಕೆಲವೇ. ‘ಬೈಕಲರ್’ ಎಂಬ ಮಿಶ್ರತಳಿಯ ಬಿಳಿ ಹೂವಿಗೆ ಅಂಚಿನಿಂದ ನೀಲಿ ಹರಡಿರುತ್ತದೆ. ಹಳೆಯ, ಗಟ್ಟಿಮುಟ್ಟಾದ ತಳಿ. ‘ಐವರೀನ್’ ದಂತವರ್ಣದ್ದು, ಹಳದಿ ಗುಂಪಿಗೆ ಸೇರಿದ್ದು. ಎರಡು-ಮೂರು ಅಡಿಗಿಂತ ಎತ್ತರ ಬೆಳೆಯದು, ಬೇರೂ ಗೆಡ್ಡೆಯಲ್ಲ, ನಾರುಬೇರು. ‘ಸ್ಪಾರ್ಕ್ಸ್ ವೆರೈಟಿ’ ಕಡುನೇರಳೆ. ‘ಸ್ಟೇನ್‌ಲೆಸ್ ಸ್ಟೀಲ್’ ಬೂದಿ ಬೆರೆತ ನೀಲಿ. ಗುಲಾಬಿ ಬೇಕೆಂದರೆ ‘ಕಾರ್ನಿಯಂ’ ಮತ್ತು ‘ಪಿಂಕ್ ಸೆನ್ಸೇಷನ್’. ಚಿತ್ರದಲ್ಲಿ ನೋಡಿ ಮರುಳಾಗುವುದು ಗುಲಾಬಿಗೇ, ನಿರಾಸೆ ಮಾಡುವುದೂ ಅದೇ. ತಂಪು ರಾತ್ರಿ ಸಿಕ್ಕಿದಲ್ಲಿ ತಿಳಿಗುಲಾಬಿ, ಸೆಕೆ ಹತ್ತಿದಲ್ಲಿ ಮಾಸಿದ ಬಿಳಿ. ರಾತ್ರಿ ಬೆಚ್ಚಗಿದ್ದರೆ ಹೂವಿನಲ್ಲಿ ಈ ಬಗೆಯ ವರ್ಣದ್ರವ್ಯ ಕಡಿಮೆ ತಯಾರಾಗುತ್ತದೆ, ಇರುವ ಅಲ್ಪಸ್ವಲ್ಪವೂ ಕರಗುತ್ತದೆ.

ಇನ್ನೊಂದು ಮಾತು ಬೀಜ ಕೊಳ್ಳುವ ಮೊದಲೇ ತಿಳಿದಿರಬೇಕಾದದ್ದು. ಹೆಸರಿಟ್ಟ ಈ ತಳಿಗಳು ಬೀಜದಿಂದ ಹಾಗೆಯೇ ಬರುವುದಿಲ್ಲ. ಗೆಡ್ಡೆ ಅಥವಾ ಬುಡ ಪಾಲು ಮಾಡಿಯೇ ಅವನ್ನು ಉಳಿಸಿಕೊಳ್ಳುವುದು. ಬೀಜ ಅಸಲಿಯೇ ಆಗಿದ್ದರೂ ಹೂ ಸಾಮಾನ್ಯ ನೀಲಿಯದ್ದಾಗುವ ಸಂಭವವೇ ಹೆಚ್ಚು, ಅದೂ ಎರಡು-ಮೂರು ವರ್ಷ ಕಾದ ಮೇಲೆ.

ನಿಮ್ಮ ಚಟ್ಟಿಯಲ್ಲಿ ಒಂದೂ ಮೊಳೆಯದ್ದಕ್ಕೆ ಆರೈಕೆಯ ತಪ್ಪು ಕಾರಣವಲ್ಲ. ಈ ಬೀಜ ಉದುರುವಾಗ ಅದರೊಳಗಿನ ಭ್ರೂಣ ಪೂರ್ತಿ ಬೆಳೆದಿರುವುದಿಲ್ಲ. ಮೊದಲು ಕೆಲವು ವಾರ ಒದ್ದೆಯಾಗಿ ಬೆಚ್ಚಗೆ, ಆಮೇಲೆ 4 ಡಿಗ್ರಿಯ ಆಸುಪಾಸಿನಲ್ಲಿ ಆರೆಂಟು ವಾರವಾದರೂ ಚಳಿ, ಅನಂತರ 10-12 ಡಿಗ್ರಿಯ ತಂಪು. ಈ ಸರದಿ ಮುಗಿದ ಮೇಲೆಯೇ ಮೊಳಕೆ. ಬೀಜ ಹಳತಾದಷ್ಟೂ ಗಟ್ಟಿನಿದ್ದೆ. ಮೇ ತಿಂಗಳ ಬದಿಯಡ್ಕದಲ್ಲಿ ಅದಕ್ಕೆ ಸಿಕ್ಕಿದ್ದು ಸರದಿಯ ಮೊದಲ ಮೆಟ್ಟಿಲು ಮಾತ್ರ. ಚಳಿಗಾಲವೇ ಬರಲಿಲ್ಲ.

‘ಹಾಗಾದರೆ ಫ್ರಿಜ್ಜಿನಲ್ಲಿ ಇಟ್ಟರೆ?’ ಎಂಬ ಪ್ರಶ್ನೆ ಈಗಾಗಲೇ ನಿಮ್ಮ ಮನಸ್ಸಿಗೆ ಬಂದಿರಬಹುದು. ಒದ್ದೆ ಹೊಯಿಗೆಯಲ್ಲಿ ಬೆರೆಸಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ಬೀಜ ಮೊಳೆತಾವು. ಆದರೆ ಮಜ್ಜಿಗೆ, ಕಾಯಿತುರಿ, ಹಸಿಮೆಣಸಿನ ಪಕ್ಕದಲ್ಲಿ ವತ್ಸನಾಭಿ ಕುಲದ ಬೀಜ ಇಡುವುದನ್ನು ನಾನು ಯಾರಿಗೂ ಸೂಚಿಸಲಾರೆ. ಅದೂ ಅಲ್ಲದೆ ಫ್ರಿಜ್ಜು ಮೊಳಕೆ ತರಿಸೀತು, ಗಿಡ ಸಾಕಲಾರದು.

ಸಾಕಲಾಗದ್ದಕ್ಕೆ ಕಾರಣ ಮಣ್ಣಿನೊಳಗಿದೆ. ಗೆಡ್ಡೆಯ ಮಾಂಕ್ಸ್‌ಹುಡ್ ಪ್ರತಿ ವರ್ಷ ತಾಯಿಗೆಡ್ಡೆಯನ್ನು ಬಲಿಕೊಟ್ಟು ಪಕ್ಕದಲ್ಲಿ ಹೊಸ ಮರಿಗೆಡ್ಡೆ ಕಟ್ಟುತ್ತದೆ. ಮುಂದಿನ ವರ್ಷದ ಗಿಡ ಆ ಮರಿಯಿಂದ. ಹಗಲು ಎಲೆ ತಯಾರಿಸಿದ ಆಹಾರ ರಾತ್ರಿಯ ಉಸಿರಾಟದಲ್ಲಿ ಖರ್ಚಾಗದೆ ಉಳಿದರೆ ತಾನೇ ಮರಿಗೆಡ್ಡೆ ತುಂಬುವುದು? ಕಾಸರಗೋಡಿನಲ್ಲಿ ಧನುರ್ಮಾಸದ ರಾತ್ರಿಯೂ 20 ಡಿಗ್ರಿಯ ಆಸುಪಾಸು, ಮೇ ತಿಂಗಳಲ್ಲಿ ಕೇಳುವುದೇ ಬೇಡ. ಉಳಿತಾಯ ಶೂನ್ಯ. ಜೊತೆಗೆ ಮೂರು ಸಾವಿರ ಮಿಲಿಮೀಟರಿಗೂ ಮೇಲಿನ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಬುಡಕೊಳೆ ಶಿಲೀಂಧ್ರಗಳಿಗೆ ಹಬ್ಬ. ಆಟಿಯ (ಜುಲೈ-ಆಗಸ್ಟ್) ಮಳೆಗೆ ಬುಡದಲ್ಲಿ ಬಿಳಿ ನೂಲಿನಂಥ ಬೂಸು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಾಣುವ ರೋಗ ನಿಮ್ಮ ಬೇರೆ ಗಿಡಗಳಲ್ಲೂ ನೋಡಿರಬಹುದು. ಮಾಂಕ್ಸ್‌ಹುಡ್‌ನಂಥ ತಂಪು ನಾಡಿನ ಗಿಡ ಅದಕ್ಕೆ ಸುಲಭದ ತುತ್ತು. ನೆರಳುಬಲೆ, ಕೊಕೊಪೀಟ್, ಐಸ್ ನೀರು ಇತ್ಯಾದಿ ಉಪಾಯಗಳಿಂದ ರಾತ್ರಿಯ ಉಷ್ಣತೆ ಇಳಿಯದು.

ಊಟಿಯ ಲೆಕ್ಕ ಬೇರೆ. ಸುಮಾರು 2,240 ಮೀಟರ್ ಎತ್ತರ, ಡಿಸೆಂಬರ್-ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು, ಬೇಸಿಗೆಯಲ್ಲೂ ಹಿತವಾದ ಹಗಲು. ಇದೇ ಕುಟುಂಬದ ಡೆಲ್ಫಿನಿಯಂ ಅಲ್ಲಿನ ತೋಟಗಳಲ್ಲಿ ಚೆನ್ನಾಗಿ ಬರುತ್ತದೆ. ಕೂನೂರು, ಕೋಟಗಿರಿ ಅದಕ್ಕಿಂತ ತಗ್ಗಿನವು, ಚಳಿಯೂ ಅಷ್ಟಿಲ್ಲ. ಅಲ್ಲಾಗಿದ್ದರೆ ನಾನು ಬೇಡವೆನ್ನುತ್ತಿದ್ದೆ. ತಂಗಿಗೆ ಆಸಕ್ತಿ ಇದ್ದರೆ ‘ಬೈಕಲರ್’ ಒಂದರಿಂದಲೇ ಶುರುಮಾಡಲಿ, ಗುಲಾಬಿಗೆ ಕೈಹಾಕುವುದು ಆಮೇಲೆ. ಮಲಗಿರುವ ಗೆಡ್ಡೆಯನ್ನು ನವೆಂಬರಿನಲ್ಲಿ ನೆಟ್ಟರೆ ಮುಂದಿನ ಎರಡು ತಿಂಗಳ ಚಳಿ ತಾನಾಗಿ ಸಿಗುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ. ಒಂದಡಿ ಆಳ ಸಡಿಲಿಸಿ, ಹಳೆಯ ಎಲೆಗೊಬ್ಬರ ಧಾರಾಳ ಬೆರೆಸಿ, ಪಾತಿಯನ್ನು ನೆಲಮಟ್ಟದಿಂದ ಅರ್ಧ ಅಡಿ ಎತ್ತರಿಸಬೇಕು, ಏಕೆಂದರೆ ಅಲ್ಲಿ ಜೂನಿನ ಮಳೆಯೂ ಉಂಟು, ಅಕ್ಟೋಬರಿನ ಮಳೆಯೂ ಉಂಟು. ಗೆಡ್ಡೆಯ ಮೊಗ್ಗು ಮಣ್ಣಿನ ಮೇಲ್ಮೈಗಿಂತ ಎರಡು-ಮೂರು ಸೆಂಟಿಮೀಟರ್ ಕೆಳಗಿದ್ದರೆ ಸಾಕು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಮಣ್ಣು ಒಣಗಲು ಬಿಟ್ಟರೆ ಕೆಳಗಿನ ಎಲೆಗಳು ಕಪ್ಪಾಗಿ ಸುರುಟುತ್ತವೆ. ಗಿಡ ಮೂರ್ನಾಲ್ಕು ಅಡಿ ಏರುವುದರಿಂದ ಗಾಳಿಗೆ ಬೀಳದಂತೆ ಊರುಗೋಲು ಬೇಕು. ಒಮ್ಮೆ ನೆಟ್ಟ ಮೇಲೆ ಮೂರು ವರ್ಷ ಕೆದಕದಿರುವುದೇ ಒಳ್ಳೆಯದು. ಮೊದಲ ವರ್ಷ ಹೂ ಬಾರದಿದ್ದರೆ ಅಚ್ಚರಿಪಡಬೇಕಿಲ್ಲ.

ಅಪಾಯ ಅಲ್ಲೂ ಇದೆ. ಕ್ಯಾರೆಟ್, ಬೀಟ್‌ರೂಟ್ ಪಾತಿಯಿಂದ ದೂರವಿರಲಿ. ಬೇಲಿಯಿಲ್ಲದ ಅಂಗಳಕ್ಕೆ ದನ, ಎಮ್ಮೆ, ಕೆಲವು ಕಡೆ ಕಾಟಿಯೂ ನುಗ್ಗುತ್ತದೆ. ಕೆಲಸಕ್ಕೆ ಬರುವವರಿಗೆ ಗಿಡ ತೋರಿಸಿ ಹೇಳಿಡಬೇಕು. ವಿದೇಶದಿಂದ ಗೆಡ್ಡೆ ತರಿಸುವುದಾದರೆ ಆಮದು ಪರವಾನಗಿ ಮತ್ತು ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶ ಬೀಜಕ್ಕೂ ಅನ್ವಯಿಸುತ್ತದೆ. ಕಾಗದಪತ್ರ ಕೇಳಿದರೆ ಉತ್ತರಿಸದ ಮಾರಾಟಗಾರರನ್ನು ಬಿಟ್ಟುಬಿಡಿ.

ನಿಮ್ಮ ಪಾತಿಗೆ ಬರೋಣ. ನಿಮಗೆ ಬೇಕಾಗಿರುವುದು ಮಾಂಕ್ಸ್‌ಹುಡ್ ಎಂಬ ಹೆಸರೋ, ನೀಲಿ-ಬಿಳಿ-ಗುಲಾಬಿಯ ಹೂವೋ? ಹೂವಾದರೆ ನಮ್ಮ ಗೋರಂಟೆ ಇದೆ. ಮುಳ್ಳಿಲ್ಲದ ಗೋರಂಟೆಯಲ್ಲಿ ನೇರಳೆ, ಬಿಳಿ, ಗುಲಾಬಿ, ಬಿಳಿಯ ಮೇಲೆ ನೇರಳೆ ಪಟ್ಟಿ ಎಲ್ಲವೂ ಉಂಟು. ಪಟ್ಟಿಯದ್ದನ್ನು ಬೀಜದಿಂದಲ್ಲ, ಗೆಲ್ಲು ನೆಟ್ಟೇ ಮಾಡಬೇಕು. ಮಳೆಗಾಲದಲ್ಲಿ ಒಂದು ಗೇಣಿನ ಗೆಲ್ಲು ಊರಿದರೆ ಬೇರು ಬಿಡುತ್ತದೆ, ನವರಾತ್ರಿಯ ನಂತರ ಹೂ. ಹೂವಿನ ಕಾಲ ಮುಗಿದು ಮಾಘದ ಹೊತ್ತಿಗೆ ಮೊಣಕಾಲೆತ್ತರಕ್ಕೆ ಸವರಿಬಿಡಿ. ಹೂವಿನ ನೆಟ್ಟನೆಯ ಕದಿರೇ ಬೇಕೆಂದರೆ ಆಂಜೆಲೋನಿಯಾ ಹಾಕಿ. ನೀಲಿ-ನೇರಳೆ, ಬಿಳಿ, ಗುಲಾಬಿ, ಎರಡು ಬಣ್ಣದ್ದು ನರ್ಸರಿಗಳಲ್ಲಿ ಸಿಗುತ್ತದೆ, ಸೆಕೆಗೆ ಜಗ್ಗುವುದಿಲ್ಲ. ಅದಕ್ಕಾಗದ್ದು ಬುಡದಲ್ಲಿ ನಿಂತ ನೀರು. ಸೆಪ್ಟೆಂಬರ್ ಕಳೆದ ಮೇಲೆ ನೆಡಿ, ಮಳೆಗಾಲಕ್ಕೆ ಒಂದೆರಡು ಚಟ್ಟಿಗಳನ್ನು ಸೂರಿನಡಿ ಉಳಿಸಿಕೊಳ್ಳಿ.

ಅಪರೂಪದ ಬಣ್ಣ, ಗೆಡ್ಡೆಯಲ್ಲಿ ಮಲಗಿ ಎದ್ದುಬರುವ ಸ್ವಭಾವ, ಜೊತೆಗೆ ಸ್ವಲ್ಪ ವಿಷದ ಠೇಂಕಾರ, ಇಷ್ಟೂ ಒಂದೇ ಗಿಡದಲ್ಲಿ ಬೇಕೆಂದರೆ ಗೌರಿಹೂ, ಅಂದರೆ ಅಗ್ನಿಶಿಖೆ. ಮಲಯಾಳದಲ್ಲಿ ಮೇಂತೋನ್ನಿ. ತಮಿಳುನಾಡಿನ ರಾಜ್ಯಪುಷ್ಪ ಇದೇ, ಅಲ್ಲಿ ಬೀಜಕ್ಕಾಗಿ ಬೆಳೆಯನ್ನಾಗಿಯೂ ಬೆಳೆಯುತ್ತಾರೆ. ನಮ್ಮ ಕಾಡಂಚಿನದ್ದು ಹಸಿರು-ಹಳದಿಯಾಗಿ ಅರಳಿ ದಿನ ಕಳೆದಂತೆ ಪೂರ್ತಿ ಕೆಂಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಎರಡು ಬಣ್ಣ ಕಂಡು ಎರಡು ತಳಿ ಎಂದುಕೊಳ್ಳುವವರಿದ್ದಾರೆ. ‘ಲೂಟಿಯಾ’ ಕೊನೆಯವರೆಗೂ ಹಳದಿ, ‘ರೋಥ್‌ಶಿಲ್ಡಿಯಾನಾ’ ಹಳದಿ ಅಂಚಿನ ಕಡುಗೆಂಪು.

ಇದರ ಗೆಡ್ಡೆ ಕವಲೊಡೆದ ಬೆರಳಿನಂತಿರುತ್ತದೆ. ಒಂದೊಂದು ಕವಲಿನ ತುದಿಯಲ್ಲಿ ಒಂದೇ ಮೊಳಕೆಗಣ್ಣು. ತುದಿ ಮುರಿದರೆ ಆ ಕವಲು ಮತ್ತೆ ಚಿಗುರದು. ನರ್ಸರಿಯಿಂದ ತರುವಾಗ ನೋಡಬೇಕಾದದ್ದು ಗೆಡ್ಡೆಯ ದಪ್ಪವನ್ನಲ್ಲ, ಈ ತುದಿಯನ್ನು. ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಯಿಗೆ, ಒಂದು ಪಾಲು ಹಳೆಯ ಹಟ್ಟಿಗೊಬ್ಬರ ಬೆರೆಸಿ, ಗೆಡ್ಡೆಯನ್ನು ಅಡ್ಡಕ್ಕೆ ಮಲಗಿಸಿ ಆರೇಳು ಸೆಂಟಿಮೀಟರ್ ಆಳಕ್ಕೆ ನೆಡಿ. ಮುರಕಲ್ಲಿನ ಇಳಿಜಾರು ಅದಕ್ಕೆ ಇಷ್ಟ, ಗದ್ದೆಯ ಬದಿ ಅಲ್ಲ. ಬಳ್ಳಿ ಹಿಡಿದುಕೊಳ್ಳುವುದು ಎಲೆಯ ತುದಿಯ ಸುರುಳಿಯಿಂದ, ಅದಕ್ಕೆ ದಪ್ಪ ಕಂಬ ಸುತ್ತಲಾಗದು. ತೆಳ್ಳಗಿನ ಬಿದಿರಿನ ಗೆಲ್ಲು ಅಥವಾ ತಂತಿಬಲೆ ಕೊಡಿ. ಆಟಿ-ಸೋಣದಲ್ಲಿ (ಜುಲೈಯಿಂದ ಸೆಪ್ಟೆಂಬರ್) ಹೂ ಬಂದು, ನವೆಂಬರ್-ಡಿಸೆಂಬರಿಗೆ ಬಳ್ಳಿ ಒಣಗುತ್ತದೆ. ಆಮೇಲೆ ನೀರು ಪೂರ್ತಿ ನಿಲ್ಲಿಸಬೇಕು. ಬೇಸಿಗೆಯಲ್ಲಿ ಕನಿಕರಪಟ್ಟು ನೀರು ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಎಲೆಯ ಮೇಲೆ ಕಪ್ಪು, ಬಿಳಿ, ಕೆಂಪು ಚುಕ್ಕೆಗಳ ಕಂಬಳಿಹುಳು ಕಂಡರೆ ಕೈಗವಸು ಹಾಕಿ ಹೆಕ್ಕಿ ತೆಗೆಯಿರಿ. ಬಿಟ್ಟರೆ ಬಳ್ಳಿ ಬೋಳಾಗಲು ಹೆಚ್ಚು ದಿನ ಬೇಡ.

ಆದರೆ ಇದರಲ್ಲಿರುವ ಕಾಲ್ಚಿಸಿನ್ ಎಂಬ ಅಂಶ ಕೂಡ ಜೀವ ತೆಗೆಯುವ ವಿಷವೇ. ಲಾಂಗಲಿ ಎಂಬ ಹೆಸರಿನಲ್ಲಿ ಇದೂ ಅದೇ ಇ-1 ಪಟ್ಟಿಯಲ್ಲಿದೆ. ವತ್ಸನಾಭಿ ಬೇಗ ತೋರಿಸಿಕೊಡುತ್ತದೆ, ಇದು ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೆ ವಾಂತಿ-ಭೇದಿಯಿಂದ ಶುರುವಾಗುತ್ತದೆ. ‘ಏನೂ ಆಗಲಿಲ್ಲ’ ಎಂದು ಕಾದು ಕೂರುವ ಹಾಗಿಲ್ಲ. ಗೆಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ. ಗೆಣಸು, ಕೂವೆ, ಶುಂಠಿ ನೆಟ್ಟ ಸಾಲಿನಲ್ಲಿ ಇದು ಬೇಡ. ಹಟ್ಟಿಗೆ ಸೊಪ್ಪು ಹಾಕುವ ಕ್ರಮ ನಿಮ್ಮಲ್ಲಿ ಇದ್ದರೆ, ಸವರಿದ ಬಳ್ಳಿ ಆ ಸೊಪ್ಪಿನ ಕಟ್ಟಿನೊಳಗೆ ಸೇರದಂತೆ ನೋಡಿಕೊಳ್ಳಿ. ದನಕ್ಕೆ ನಿಜವಾದ ಅಪಾಯ ಬರುವ ದಾರಿ ಅದು. ನಿಮ್ಮ ಮಗು ಐದಾರು ವರ್ಷ ದಾಟುವವರೆಗೆ ಗೌರಿಹೂವನ್ನೂ ಮುಂದೂಡಿ ಗೋರಂಟೆ, ಆಂಜೆಲೋನಿಯಾಗಳಲ್ಲಿ ತೃಪ್ತಿಪಡಿ ಎಂಬುದು ನನ್ನ ಸಲಹೆ. ಮಾಂಕ್ಸ್‌ಹುಡ್, ಗೌರಿಹೂ ಇವೆರಡರಲ್ಲಿ ಯಾವುದನ್ನಾದರೂ ಮಗು ಜಗಿದ ಅನುಮಾನ ಬಂದರೆ ಬಾಯಿ ತೊಳೆಸಿ, ವಾಂತಿ ಮಾಡಿಸಲು ಹೋಗಬೇಡಿ, ಹಾಲು ಅಥವಾ ಹುಣಸೆನೀರು ಕುಡಿಸುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಕರೆಮಾಡಿ, ಗಿಡದ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.

ಕೊನೆಗೆ ಆ ಪೊಟ್ಟಣಗಳು. ಒಂದನ್ನು ಬಿಳಿ ಕಾಗದದ ಮೇಲೆ ಸುರಿದು ನೋಡಿ. ಮಾಂಕ್ಸ್‌ಹುಡ್ ಬೀಜ ಮೂರರಿಂದ ಐದು ಮಿಲಿಮೀಟರ್, ಕಂದು ಅಥವಾ ಕಪ್ಪು, ಮೂರು ಮೂಲೆಯದ್ದು, ಮೈ ಸುಕ್ಕುಗಟ್ಟಿ ಅಂಚು ರೆಕ್ಕೆಯಂತೆ ಎದ್ದಿರುತ್ತದೆ. ಗುಂಡಗೆ, ನುಣ್ಣಗೆ ಇದ್ದರೆ ಬೇರೇನೋ ಕಳಿಸಿದ್ದಾರೆ. ಯಾವುದೇ ಆದರೂ ಬಿತ್ತಬೇಡಿ, ಗೊಬ್ಬರದ ಗುಂಡಿಗೂ ಎಸೆಯಬೇಡಿ. ಗುರುತಿಲ್ಲದ ಬೀಜದ ಜೊತೆ ಕಳೆಯೋ ರೋಗವೋ ತೋಟಕ್ಕೆ ಬಂದೀತು. ಕೈ ಸೋಪು ಹಾಕಿ ತೊಳೆದು, ಪೊಟ್ಟಣಗಳನ್ನು ಡಬ್ಬಿಯಲ್ಲಿ ಮುಚ್ಚಿ, ವಿದೇಶದ ಅಂಚೆಮುದ್ರೆ ಇದ್ದರೆ ಲಕೋಟೆಯ ಸಮೇತ ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ತೋರಿಸಿ. ಹಳದಿ ಬೀಜ ಹಾಕಿದ ಚಟ್ಟಿಯ ಮಣ್ಣನ್ನೂ ತರಕಾರಿಗೆ ಬಳಸದೆ ಬೇರೆ ಚೀಲದಲ್ಲಿ ಕಟ್ಟಿಡಿ, ಅದನ್ನು ಏನು ಮಾಡಬೇಕೆಂದು ಅಲ್ಲೇ ಕೇಳಿ.